ಕಾರಣವೋ, ಪರಿಣಾಮವೋ

ಪರೀಕ್ಷೆ ಮುಗಿಸಿ ಬಂದು ಇಷ್ಟು ಹೊತ್ತಾದರೂ ನಿನ್ನ ನಡುಬೆರಳಿನ ತಗ್ಗು ಹಾಗೇ ಇದೆ. ಪೆನ್ನು ಒತ್ತಿ ಒತ್ತಿ ಕೆಂಪಾಗಿದೆ, ಮುಟ್ಟಿದರೆ ನೋಯುತ್ತದೆ. ಜೇವರ್ಗಿ ಬಸ್ ನಿಲ್ದಾಣದ ಕಲ್ಲುಬೆಂಚು ಫೆಬ್ರುವರಿ ಬಿಸಿಲಿಗೇ ಕಾದಿದೆ. ಆಚೆ ಗಾಡಿಯಲ್ಲಿ ಮಿರ್ಚಿ ಕರಿಯುತ್ತಿದ್ದಾರೆ. ಬೆಳಿಗ್ಗೆ ಅರ್ಧ ರೊಟ್ಟಿ ಬಿಟ್ಟೆದ್ದ ಹೊಟ್ಟೆಗೆ ಆ ವಾಸನೆಯಿಂದ ಹಸಿವೂ ವಾಕರಿಕೆಯೂ ಒಟ್ಟಿಗೇ ಏಳುತ್ತವೆ. ಕೈಯಲ್ಲಿ ನಾಲ್ಕು ಮಡಿಕೆಯಾದ ಪ್ರಶ್ನೆಪತ್ರಿಕೆ: ಪ್ರಥಮ ಪಿಯುಸಿ, ಇತಿಹಾಸ. ಮನೆ ಮುಟ್ಟುವ ತನಕ ಇದನ್ನು ಬಿಚ್ಚುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು ಕೂತಿದ್ದೀಯ.

ಬರೆದದ್ದು ಬರೆದಾಯಿತು, ಉತ್ತರ ತಾಳೆ ನೋಡಬೇಡಿ, ಮುಂದಿನ ವಿಷಯ ಓದಿಕೊಳ್ಳಿ ಎಂದು ಹೇಳದ ಮೇಷ್ಟ್ರಿಲ್ಲ. ಆ ಮಾತು ಕೇಳಿದ ಮಕ್ಕಳೂ ಇಲ್ಲ.

ಫೋನ್ ಬಡಿದುಕೊಳ್ಳುತ್ತದೆ. ಅಣ್ಣ ಪುಣೆಗೆ ದುಡಿಯಲು ಹೋಗುವಾಗ ಬಿಟ್ಟುಹೋದದ್ದು. ಪರೀಕ್ಷೆ ಮುಗಿಯುವವರೆಗೆ ಝೆರಾಕ್ಸ್ ಅಂಗಡಿಯಲ್ಲಿಟ್ಟು ಈಗಷ್ಟೇ ಇಸಿದುಕೊಂಡಿದ್ದೀಯ. ಆಳಂದದವಳು. ಅಫಜಲಪುರದವಳನ್ನೂ ಕಾನ್ಫರೆನ್ಸಿಗೆ ಎಳೆದುಕೊಂಡಿದ್ದಾಳೆ. ಮೂವರೂ ಹತ್ತನೇ ತರಗತಿವರೆಗೆ ಮೊರಾರ್ಜಿ ವಸತಿ ಶಾಲೆಯ ಒಂದೇ ಕೋಣೆಯಲ್ಲಿ ಮಲಗಿ ಎದ್ದವರು. ಈಗ ಮೂರು ತಾಲ್ಲೂಕು, ಮೂರು ಕಾಲೇಜು. ಇವತ್ತಿನ ಪತ್ರಿಕೆ ಮಾತ್ರ ಒಂದೇ.

“ಯಂಗ್ ಇಟಲಿ ಕಟ್ಟಿದವ್ರು ಯಾರು?” ಹಲೋ ಇಲ್ಲ, ಉಂಡ್ಯಾ ಅಂತ ಇಲ್ಲ.

“ಗ್ಯಾರಿಬಾಲ್ಡಿ.”

“ಮ್ಯಾಝಿನಿ ಬೇ! ಗ್ಯಾರಿಬಾಲ್ಡಿದು ಕೆಂಪಂಗಿ ದಂಡು.”

ಒಂದು ಅಂಕ. ಹೋಗಲಿ. 1831ರಲ್ಲಿ ಮ್ಯಾಝಿನಿ, ನಿನ್ನೆ ರಾತ್ರಿ ಗೋಡೆಗೆ ಮುಖ ಮಾಡಿ ಹತ್ತು ಸಲ ಹೇಳಿಕೊಂಡಿದ್ದೆ. ಈಗ ಎಷ್ಟು ಸರಾಗವಾಗಿ ಬಾಯಿಗೆ ಬರುತ್ತದೆ ನೋಡು.

ಈ ವರ್ಷದ ಪುಸ್ತಕವೇ ಹಾಗೆ. ಮುಂದಿನ ವರ್ಷ ಭಾರತದ ಇತಿಹಾಸ. ಪ್ರಥಮದಲ್ಲಿ ಮಾತ್ರ ಲೋಕವೆಲ್ಲ ಒಂದೇ ಹೊರೆ: ಕಲ್ಲು ಮಸೆಯುತ್ತಿದ್ದ ಮನುಷ್ಯನಿಂದ ಹಿಡಿದು 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯುವವರೆಗೆ. ಭೀಮೆ ದಾಟಿ ಕಲಬುರಗಿಗೆ ಹೋಗಿಬರುವುದೇ ನಿನ್ನ ದೊಡ್ಡ ಪ್ರಯಾಣ. ಇವತ್ತು ಬೆಳಿಗ್ಗೆ ಪ್ಯಾರಿಸ್ಸು, ಬರ್ಲಿನ್ನು, ಹಿರೋಶಿಮಾ ಎಲ್ಲ ಮುಗಿಸಿ ಬಂದಿದ್ದೀಯ. ಬಿಸ್ಮಾರ್ಕ್ ಒಬ್ಬನೇ ಸುಲಭ. ಪಟೇಲರನ್ನು ಭಾರತದ ಬಿಸ್ಮಾರ್ಕ್ ಅನ್ನುತ್ತಾರೆಂದು ಸರ್ ಹೇಳಿದ ದಿನವೇ ಅವನು ಮನಸ್ಸಿನಲ್ಲಿ ಕೂತುಬಿಟ್ಟ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್ 17 ಈ ಕಡೆಯ ಮಕ್ಕಳಿಗೆ ಧ್ವಜ ಏರಿಸುವ ದಿನ, ಬಾಯಿಪಾಠ ಮಾಡಬೇಕಿಲ್ಲ.

“ನಕ್ಷೆದಾಗ ವಾಟರ್ಲೂ ಎಲ್ಲಿ ಇಟ್ಟಿ?” ಅಫಜಲಪುರದವಳು. ಅವಳ ಹಿಂದೆ ಯಾರೋ ಗಾಣಗಾಪುರ, ಗಾಣಗಾಪುರ ಎಂದು ಕೂಗುತ್ತಿದ್ದಾರೆ.

ಹತ್ತು ಅಂಕದ ನಕ್ಷೆ. ಐದು ಸ್ಥಳ ಗುರುತಿಸಬೇಕು, ಒಂದೊಂದಕ್ಕೂ ಎರಡೆರಡು ಸಾಲು ಬರೆಯಬೇಕು. 1815ರ ಜೂನ್ 18, ನೆಪೋಲಿಯನ್ನನ ಕೊನೆಯ ಸೋಲು, ಸಾಲುಗಳೇನೋ ಸರಿ. ಚುಕ್ಕಿ? ನಕ್ಷೆ ಉತ್ತರಪತ್ರಿಕೆಯ ಜೊತೆ ದಾರ ಬಿಗಿಸಿಕೊಂಡು ಹೋಗಿಬಿಟ್ಟಿದೆ. ಕಣ್ಣು ಮುಚ್ಚುತ್ತೀಯ.

“ಫ್ರಾನ್ಸಿನ ತಲಿ ಮ್ಯಾಲ,” ಅನ್ನುತ್ತೀಯ.

“ಅದೇ ಬೆಲ್ಜಿಯಂ. ಸಮುದ್ರ ದಾಟಿಲ್ಲ ಹೌದಿಲ್ಲೋ?”

ದಾಟಿಲ್ಲ. ದಾಟಿರಲಿಕ್ಕಿಲ್ಲ. ಮುಚ್ಚಿದ ಕಣ್ಣೊಳಗೆ ಚುಕ್ಕಿ ಮೆಲ್ಲಗೆ ಜರುಗುತ್ತದೆ, ನೀಲಿ ದಂಡೆಗೆ ಬರುತ್ತದೆ, ಇನ್ನೇನು ಇಂಗ್ಲೆಂಡಿಗೆ ಹತ್ತಿಬಿಡುತ್ತದೆ. ಅಂಗೈ ಬೆವರಿ ಫೋನ್ ಜಾರುತ್ತದೆ. ಚೂಡಿದಾರಕ್ಕೆ ಕೈ ಒರೆಸಿಕೊಳ್ಳುತ್ತೀಯ.

“ಹೋಗ್ಲಿ ಬಿಡು. ಹತ್ತು ಮಾರ್ಕ್ಸಿಂದು ಯಾವ್ದ್ ಬರ್ದಿ?”

“ಫ್ರಾನ್ಸಿನ ಕ್ರಾಂತಿ.” ಇದೊಂದನ್ನು ಧೈರ್ಯವಾಗಿ ಹೇಳುತ್ತೀಯ. ಕೈ ನೋಯುವಷ್ಟು ಬರೆದದ್ದು ಇದನ್ನೇ.

“ನಾನೂ ಅದೇ. ಪರಿಣಾಮ ಎಷ್ಟ್ ಪಾಯಿಂಟ್ ಹಾಕಿದಿ?”

ಪರಿಣಾಮ?

ಮಿರ್ಚಿಯ ಎಣ್ಣೆ ಚಟಚಟ ಅನ್ನುತ್ತಿದೆ. ಶಹಾಪುರ, ಸುರಪುರ, ಕಂಡಕ್ಟರ್ ಕೂಗುತ್ತಿದ್ದಾನೆ. ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿ ಪತ್ರಿಕೆ ಬಿಚ್ಚುತ್ತೀಯ. ಮೊದಲ ಮಡಿಕೆ. ಎರಡನೆಯದು. ಬೆರಳು ನಡುಗುತ್ತದೆ. ವಿಭಾಗ ಸಿಗುವುದಿಲ್ಲ. ಸಿಕ್ಕಿತು. ‘ಫ್ರಾನ್ಸಿನ ಮಹಾಕ್ರಾಂತಿಯ ಪರಿಣಾಮಗಳನ್ನು ವಿವರಿಸಿ.’

ನೀನು ಬರೆದದ್ದು ಕಾರಣ. ಬರೀ ಕಾರಣ. ಮೂರು ವರ್ಗಗಳು, ತೆರಿಗೆಯೆಲ್ಲ ಮೂರನೆಯವರ ತಲೆಗೆ, ಹದಿನಾರನೇ ಲೂಯಿ, ಬರಿದಾದ ಖಜಾನೆ, ರೂಸೋ, ವಾಲ್ಟೇರ್, ಮಾಂಟೆಸ್ಕ್ಯೂ. ರಾತ್ರಿ ಓದಿದ್ದು ಅದು. ಪತ್ರಿಕೆಯಲ್ಲಿ ಫ್ರಾನ್ಸ್ ಕಂಡದ್ದೇ ತಡ, ಮುಂದಿನ ಶಬ್ದ ನೋಡುವ ಮೊದಲೇ ಕೈ ಓಡಿತ್ತು. ಎದೆಯಿಂದ ಏನೋ ಕಳಚಿ ಹೊಟ್ಟೆಗೆ ಬೀಳುತ್ತದೆ. ಕಿವಿ ಬಿಸಿ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ.

“ಏ, ಇದ್ದೀಯೇನ? ಎಷ್ಟ್ ಪಾಯಿಂಟ್?”

ಈಗ ಹೇಳಿಬಿಡಬಹುದು. ಹೇಳಿದರೆ ಅಯ್ಯೋ ಅನ್ನುತ್ತಾರೆ, ಸಮಾಧಾನ ಮಾಡುತ್ತಾರೆ. ಆ ಸಮಾಧಾನದ ದನಿಯನ್ನು ಈ ಕ್ಷಣದಲ್ಲಿ ತಡೆದುಕೊಳ್ಳಲಾರೆ. ಸುಮ್ಮನಿದ್ದರೂ ಗೊತ್ತಾಗಿಬಿಡುತ್ತದೆ.

“ಏಳು,” ಅನ್ನುತ್ತೀಯ.

“ನಾ ಆರೇ ಹಾಕೀನಿ ಯವ್ವಾ!” ಆಳಂದದವಳು ಗಾಬರಿಯಾಗುತ್ತಾಳೆ. ನಿನ್ನ ಸುಳ್ಳಿನ ಏಳನೆಯ ಅಂಶ ಯಾವುದಿರಬಹುದೆಂದು ಅವಳೀಗ ದಾರಿಯುದ್ದಕ್ಕೂ ತಲೆ ಕೆಡಿಸಿಕೊಳ್ಳುತ್ತಾಳೆ. ಅವಳ ಉಮರ್ಗಾ ಬಸ್ಸು ಬಂತು. ಫೋನ್ ಇಡುತ್ತಾರೆ.

ನಿನ್ನ ಬಸ್ಸೂ ಬರುತ್ತದೆ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ಇಸಿದುಕೊಂಡು ಕಿಟಕಿ ಹಿಡಿಯುತ್ತೀಯ. ಪಾಸಿನ ಗೆರೆ ದಾಟುತ್ತೀಯಾ ಎಂದು ಲೆಕ್ಕ ಹಾಕುತ್ತೀಯ. ನಕ್ಷೆಯಲ್ಲಿ ಎಂಟು ಹಿಡಿ. ಐದು ಅಂಕದವುಗಳಲ್ಲಿ ಮೂರು ಮೂರು. ಒಂದು ಸಲ ಕೂಡಿದರೆ ದಾಟುತ್ತದೆ, ಇನ್ನೊಂದು ಸಲ ಕೂಡಿದರೆ ದಾಟುವುದಿಲ್ಲ. ಫೇಲಾದರೆ ಪೂರಕ ಪರೀಕ್ಷೆ ಇದೆ. ಆದರೆ ಓದು ಸಾಕು ಅನ್ನಲು ಕಾದಿರುವವರೂ ಮನೆಯಲ್ಲಿದ್ದಾರೆ.

ಪಕ್ಕದಲ್ಲಿ ನಿಮ್ಮೂರ ಆಯಿ. ಮಡಿಲಲ್ಲಿ ಬುಟ್ಟಿ, ಬಾಯಲ್ಲಿ ಎಲೆಅಡಿಕೆ.

“ಪರೀಕ್ಷಾ ಹ್ಯಾಂಗ ಆಯ್ತವ್ವ?”

ಚೊಲೋ ಆಗ್ಯದ ಅನ್ನಲು ಬಾಯಿ ತೆರೆಯುತ್ತೀಯ. ಇನ್ನೊಂದು ಸುಳ್ಳು ಏಳುವುದಿಲ್ಲ. “ಹತ್ತು ಮಾರ್ಕ್ಸಿಂದು ಒಂದು ತಪ್ಪ್ಯದ, ಆಯಿ.”

“ಏನದು?”

“ಫ್ರಾನ್ಸ್ ಅಂತ ದೇಶ. ಅಲ್ಲಿ ರೊಟ್ಟಿ ತುಟ್ಟಿ ಆತು. ಹೆಣ್ಣುಮಕ್ಕಳು ದಂಡು ಕಟ್ಕೊಂಡು ರಾಜನ ಅರಮನಿಗೇ ಹೋದ್ರು.”

ಆಯಿ ಅಗಿಯುವುದು ನಿಲ್ಲಿಸುತ್ತಾಳೆ. “ಹೋಗಿ?”

“ರಾಜನ್ನ, ರಾಣಿನ್ನ ಊರಿಗೆ ಎಳ್ಕೊಂಡು ಬಂದ್ರು. ಮುಂದ ರಾಜನ ತಲಿನೇ ತೆಗ್ದ್ರು.”

“ಆಮ್ಯಾಲ?”

1789ರ ಅಕ್ಟೋಬರ್ 5 ನೆನಪಾಗುತ್ತದೆ, 1793ರ ಜನವರಿ 21 ನೆನಪಾಗುತ್ತದೆ. ಅವುಗಳ ಹಿಂದೆಯೇ ಉಳಿದದ್ದೆಲ್ಲ ಸಾಲುಗಟ್ಟಿ ಬರುತ್ತದೆ. ಜಮೀನ್ದಾರರ ದರ್ಬಾರು ಹೋಯಿತು ಅನ್ನುತ್ತೀಯ. ಕಾನೂನಿನ ಮುಂದೆ ಎಲ್ಲರೂ ಒಂದೇ ಅಂತ ಬರೆದಿಟ್ಟರು. ಹೆಣ್ಣುಮಕ್ಕಳಿಗೆ ಮಾತ್ರ ಓಟು ಕೊಡಲಿಲ್ಲ. ರಾಜ ಹೋದ ಜಾಗಕ್ಕೆ ನೆಪೋಲಿಯನ್ ಅಂತ ಒಬ್ಬ ಬಂದ, ತಾನೇ ಚಕ್ರವರ್ತಿಯಾದ, ಒಂದು ದೊಡ್ಡ ಕಾಯದೆ ಪುಸ್ತಕ ಮಾಡಿಸಿದ. ಅಲ್ಲಿಯ ಬೆಂಕಿ ಇಟಲಿಗೆ ಹೋಯಿತು, ಜರ್ಮನಿಗೆ ಹೋಯಿತು. ಕೈಬೆರಳು ಮಡಚುತ್ತ ಹೇಳುತ್ತಿದ್ದೀಯ. ಆರಾಯಿತು. ಏಳೂ ಆಯಿತು.

ಆಯಿ ಕಿಟಕಿಯಾಚೆ ಉಗುಳಿ, ಸೆರಗಿನಿಂದ ಬಾಯಿ ಒರೆಸಿಕೊಂಡು ನಿನ್ನ ಕಡೆ ತಿರುಗುತ್ತಾಳೆ. “ಇಷ್ಟೆಲ್ಲ ಗೊತ್ತದ ಅಂದಮ್ಯಾಲ ಅಲ್ಲ್ಯಾಕ ಬರೀಲಿಲ್ಲ?”