ಮಾಮು ಅಂಗಡಿಯ ಉದ್ರಿ ಲೆಕ್ಕ

ದ್ವಿತೀಯ ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ನಾವು ಮಾಡುವ ಟೇಬಲ್‌ಗಳಲ್ಲಿ ಹತ್ತು ಸಾಲಿದ್ದರೆ ಹೆಚ್ಚು. ಒಂದು ಅಂಗಡಿಯ ಟೇಬಲ್ ಎಷ್ಟು ದೊಡ್ಡದಿರುತ್ತದೆ ಎಂದು ನಾನು ಕಂಡದ್ದು ಭದ್ರಾವತಿಯಲ್ಲಿ.

ಅಲ್ಲಿ ನಮ್ಮ ಮಾಮು ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಕಳೆದ ರಜೆಯಲ್ಲಿ ಅವರ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟುಹೋಯಿತು. ಮೇಸ್ತ್ರಿಗಳು, ಪ್ಲಂಬರ್‌ಗಳು ಕೊಡಬೇಕಾದ ಉದ್ರಿ ಲೆಕ್ಕವೆಲ್ಲ ಅದರಲ್ಲಿತ್ತು. ಪೆನ್ ಡ್ರೈವಿನಲ್ಲಿ ಟೇಬಲಿಗೊಂದರಂತೆ ಬ್ಯಾಕಪ್ ಫೈಲ್ ಇದ್ದದ್ದೇ ಧೈರ್ಯ. ಸುದ್ದಿ ಕೇಳಿ ಶಿವಮೊಗ್ಗದಿಂದ ಬಸ್ ಹತ್ತಿದೆ.

ಹೊಸ ಡಿಸ್ಕ್ ಹಾಕಿಸಿ ಬಿಲ್ಲಿಂಗ್ ಸಾಫ್ಟ್‌ವೇರಿನ ‘ರಿಸ್ಟೋರ್’ ಒತ್ತಿದೆವು. ಗ್ರಾಹಕರ ಹೆಸರು, ಸಾಮಾನಿನ ಪಟ್ಟಿ ಬಂದವು. 900 ಎಂಬಿಯ ಬಿಲ್ಲುಗಳ ಟೇಬಲ್ ಬರಲಿಲ್ಲ. 134217728 ಬೈಟ್ ಮೆಮೊರಿ ಮುಗಿಯಿತು ಎಂಬ ಎರರ್ ಬಂತು. ರಿಪೇರಿಯವರು, “ರ್‍ಯಾಮ್ ಹೆಚ್ಚಿಸಿ” ಎಂದರು. ಮಾಮು ದುಡ್ಡು ಹೊಂದಿಸಲು ಹೊರಟರು.

ನಾನು ಆ ಸಂಖ್ಯೆಯನ್ನು ಎರಡು ಸಲ 1024ರಿಂದ ಭಾಗಿಸಿದೆ. ಸರಿಯಾಗಿ 128 ಬಂತು. ಕಂಪ್ಯೂಟರಿನಲ್ಲಿ 4 ಜಿಬಿ ಇದ್ದರೂ ಮುಗಿದದ್ದು 128 ಎಂಬಿ! ಅದು ಪಿಎಚ್‌ಪಿ ತನ್ನ ಪ್ರತಿ ಪ್ರೋಗ್ರಾಮಿಗೆ ಮೊದಲೇ ಹಾಕಿಟ್ಟಿರುವ ಮಿತಿ. ಸಾಫ್ಟ್‌ವೇರಿನ ಕೋಡ್ ತೆರೆದು ನೋಡಿದರೆ, ಆ ರಿಸ್ಟೋರ್ ಪುಟ ಇಡೀ ಫೈಲನ್ನು ಒಮ್ಮೆಗೇ ಮೆಮೊರಿಗೆ ಎಳೆದುಕೊಳ್ಳುತ್ತಿತ್ತು. ಎಷ್ಟು ರ್‍ಯಾಮ್ ಹಾಕಿದರೂ ಈ ಮಿತಿ ಕದಲುವುದಿಲ್ಲ.

“ಮಾಮು, ಸಿಮೆಂಟ್ ಲಾರಿ ಬಂದರೆ ಹಮಾಲಿಗಳು ಇಡೀ ಲೋಡನ್ನು ಒಟ್ಟಿಗೆ ಹೊರುತ್ತಾರಾ?” ಎಂದೆ.

“ಒಂದೊಂದೇ ಮೂಟೆ ಬೇಟಾ,” ಎಂದು ನಕ್ಕರು.

ಮೊದಲು ಬ್ಯಾಕಪ್ಪಿನ ಇನ್ನೊಂದು ಪ್ರತಿ ತೆಗೆದಿಟ್ಟೆ. ಆಮೇಲೆ ಕಮಾಂಡ್ ಪ್ರಾಂಪ್ಟ್ ತೆರೆದು ಫೈಲನ್ನು ನೇರವಾಗಿ ಮೈಎಸ್‌ಕ್ಯುಎಲ್‌ಗೆ ಕೊಟ್ಟೆ. ಅದು ಒಂದು ಇನ್ಸರ್ಟ್ ಆದೇಶ ಓದಿ, ಡೇಟಾಬೇಸಿಗೆ ಕಳಿಸಿ, ಅದನ್ನು ಬಿಟ್ಟು ಮುಂದಿನದನ್ನು ಓದುತ್ತದೆ. ಒಂದೊಂದು ಆದೇಶ ಹೆಚ್ಚೆಂದರೆ ಸುಮಾರು ಒಂದು ಎಂಬಿ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿಯ ಗೆರೆ ಹೆಚ್ಚು ಏರಲೇ ಇಲ್ಲ. ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು.

ಎರರ್ ಬರಲಿಲ್ಲವೆಂದು ಸುಮ್ಮನಾಗುವ ಹಾಗಿರಲಿಲ್ಲ. ಕೊನೆಯ ಬಿಲ್ ನಂಬರನ್ನು ಕಾಗದದ ಪ್ರತಿಯೊಂದಿಗೆ ಹೋಲಿಸಿದೆವು. ಮೂವರು ಮೇಸ್ತ್ರಿಗಳ ಬಾಕಿಯನ್ನು ಅವರ ಚೀಟಿಯೊಂದಿಗೆ ತಾಳೆ ನೋಡಿದೆವು. ರೂಪಾಯಿಗೆ ರೂಪಾಯಿ ಸರಿಹೋಯಿತು. ರ್‍ಯಾಮಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಮಾಮು ಎರಡನೆಯ ಬ್ಯಾಕಪ್ಪಿಗೆ ಡ್ರೈವ್ ಕೊಂಡರು.

ಮೆಮೊರಿ ಸಾಲದು ಎಂದು ಕಂಪ್ಯೂಟರ್ ಹೇಳಿದರೆ, ಗೆಳೆಯರೇ, ಅಂಗಡಿಗೆ ಓಡುವ ಮೊದಲು ಎರಡು ಪ್ರಶ್ನೆ ಕೇಳಿ: ಯಾರ ಮೆಮೊರಿ ಮುಗಿಯಿತು? ಅಷ್ಟನ್ನೂ ಒಟ್ಟಿಗೆ ಹೊರಬೇಕಿತ್ತೇ?