ಎರಡು ಸ್ವರಗಳ ನಡುವಿನ ಹೊಸ್ತಿಲು

ಶಾಲೆಯ ಬ್ಯಾಂಡಿನಲ್ಲಿ ಡ್ರಮ್ಮುಗಳ ಅಬ್ಬರಕ್ಕೆ ಮುಚ್ಚಿಹೋಗುವ ಕ್ಲಾರಿನೆಟ್ಟಿನ ತಪ್ಪು, ಸಂಜೆ ಮನೆಯ ಕೋಣೆಯಲ್ಲಿ ನುಡಿಸುವವರ ಕಿವಿಗೂ ಪಕ್ಕದ ಮನೆಯವರ ಕಿವಿಗೂ ಸಮನಾಗಿ ಬೀಳುವುದರಿಂದ, ವಿದ್ಯಾರ್ಥಿಗೆ ಮನೆಯ ಸಾಧಕದಷ್ಟು ನಿಷ್ಠುರವಾದ ಪಾಠ ಇನ್ನೊಂದಿಲ್ಲ. ಜೊಂಡಿನ ಜಾತಿಯ ಕಡ್ಡಿಯಿಂದ ಹೆರೆದ ರೀಡನ್ನು ನಾಲಿಗೆಯಲ್ಲಿ ನೆನೆಸಿ ಕಟ್ಟಿದ ಮೇಲೆ ಮೊದಲು ಬರುವುದು ಲಾಂಗ್ ಟೋನ್, ಅಂದರೆ ಒಂದೇ ಸ್ವರವನ್ನು ಒಂದೇ ಉಸಿರಿನಲ್ಲಿ ಏರುಪೇರಿಲ್ಲದೆ ಎಳೆಯುವ ಅಭ್ಯಾಸ. ಕೇಳುವವರಿಗೆ ಅದು ಬೇಸರವೇ ಆದರೂ, ನಾದದ ಅಂಚಿನಲ್ಲಿದ್ದ ಗಾಳಿಯ ಸುಯ್ಲು ದಿನದಿನಕ್ಕೆ ಕರಗುವುದನ್ನು ಗುರುತಿಸುವ ಸುಖ ನುಡಿಸುವವರಿಗೆ ಮಾತ್ರ ಮೀಸಲು.

ಈ ವಾದ್ಯದ ಅಸಲು ಸ್ವಾರಸ್ಯವಿರುವುದು 'ಬ್ರೇಕ್' ಎಂಬ ಹೊಸ್ತಿಲಿನಲ್ಲಿ, ಅಂದರೆ ಕೆಳಗಿನ ಸ್ವರಸಾಲಿನಿಂದ ಮೇಲಿನ ಸಾಲಿಗೆ ದಾಟುವ ಜಾಗದಲ್ಲಿ. ಕದ್ರಿ ಗೋಪಾಲನಾಥರಿಂದ ಕನ್ನಡಿಗರಿಗೆ ಆಪ್ತವಾದ ಸ್ಯಾಕ್ಸೊಫೋನಿನ ಕೊಳವೆ ಶಂಕುವಿನಂತೆ ಅಗಲವಾಗುತ್ತ ಹೋಗುವುದರಿಂದ ಅದರ ಸ್ವರ ಮೇಲಕ್ಕೆ ಹಾರಿದಾಗ ಒಂದು ಸ್ಥಾಯಿ, ಅಂದರೆ 12 ಅರ್ಧಸ್ವರ ಏರಿದರೆ, ಬಹುಮಟ್ಟಿಗೆ ಒಂದೇ ಅಗಲದ ಕೊಳವೆಯುಳ್ಳ ಕ್ಲಾರಿನೆಟ್ಟಿನದು 19 ಅರ್ಧಸ್ವರ ಏರುತ್ತದೆ. ಹೀಗಾಗಿ ಎಡಗೈಯ ತೋರುಬೆರಳೊಂದೇ ದುಡಿಯುವ 'ಎ' ಸ್ವರದಿಂದ ಅದರ ಪಕ್ಕದ 'ಬಿ'ಗೆ ದಾಟಬೇಕಾದರೆ ಏಳು ರಂಧ್ರಗಳನ್ನೂ ಮುಚ್ಚಿ, ಸ್ವರವನ್ನು ಮೇಲಿನ ಸಾಲಿಗೆ ಹಾರಿಸುವ ರಿಜಿಸ್ಟರ್ ಕೀಲಿಯನ್ನು ಹೆಬ್ಬೆರಳಿನಿಂದ ಒತ್ತಿ, ಕಿರುಬೆರಳನ್ನೂ ಕೆಲಸಕ್ಕೆ ಹಚ್ಚಬೇಕು. ಒಂದು ರಂಧ್ರ ಕೂದಲೆಳೆಯಷ್ಟು ತೆರೆದಿದ್ದರೂ ವಾದ್ಯ ಕೀರಲುತ್ತದೆ. ಬಲ್ಲವರು 'ಎ' ನುಡಿಯುತ್ತಿರುವಾಗಲೇ ಬಲಗೈಯ ಬೆರಳುಗಳನ್ನು ಮುಂಚಿತವಾಗಿ ಮುಚ್ಚಿಟ್ಟಿರುತ್ತಾರೆ, ಏಕೆಂದರೆ ಆ ಸ್ವರ ಅದರಿಂದ ಕೆಡುವುದಿಲ್ಲ, ದಾಟುವ ಕೆಲಸವೂ ಅರ್ಧಕ್ಕಿಳಿಯುತ್ತದೆ.

ಮಾರ್ಚ್ ಗೀತೆಯನ್ನು ಮೊದಲಿನಿಂದ ಕೊನೆಯವರೆಗೆ ಹತ್ತು ಸಲ ನುಡಿಸಿ ಹತ್ತು ಸಲವೂ ಅಲ್ಲೇ ಎಡವುವುದು ಸಾಧಕವಲ್ಲ, ತಪ್ಪನ್ನು ಬಾಯಿಪಾಠ ಮಾಡುವ ಬಗೆ. ಆ ಎರಡು ಸ್ವರಗಳನ್ನಷ್ಟೇ ಕಿತ್ತು ತೆಗೆದು, 1815ರಲ್ಲಿ ಮೆಲ್ಟ್ಸೆಲ್ ಹಕ್ಕುಪತ್ರ ಪಡೆದ ಮೆಟ್ರೊನೋಮನ್ನು, ಅಂದರೆ ಲಯದ ಟಿಕ್‌ಟಿಕ್ ಯಂತ್ರವನ್ನು, ನಿಮಿಷಕ್ಕೆ 60 ಬಡಿತಕ್ಕಿಟ್ಟು, ಕೀರಲು ನಿಂತ ಮೇಲೆ 64, ಮತ್ತೆ 68 ಎಂದು ಏರಿಸುವುದು ಹಿತ. ಸರಳೆ ವರಸೆಗಳನ್ನು ಮೂರು ಕಾಲಗಳಲ್ಲಿ ಹಾಡುವಾಗ ವೇಗ ಒಮ್ಮೆಲೇ ಇಮ್ಮಡಿಯಾಗುವುದುಂಟು. ಬ್ರೇಕಿಗೆ ಆ ನೆಗೆತ ಒಗ್ಗದು. ಮಧ್ಯೆ ಮೆಟ್ರೊನೋಮ್ ನಿಲ್ಲಿಸಿ, ಊದದೆ ಬೆರಳುಗಳನ್ನಷ್ಟೇ ಆಡಿಸಿದರೆ ರಂಧ್ರಗಳ ಮೇಲೆ ಬೀಳುವ ಬೆರಳಿನ ಮೆಲ್ಲನೆಯ ಟಪ್‌ಟಪ್ ಸದ್ದು ಕೇಳುತ್ತದೆ, ಎಲ್ಲ ಬೆರಳೂ ಒಟ್ಟಿಗೇ ಬಿದ್ದ ದಿನ ಒಂದೇ ಟಪ್.