ಯಾರ ಹೋಲಿಕೆ?

ತೊಟ್ಟಿಲಿನೊಳಗೆ ಬಗ್ಗಿ ನೋಡಿ "ಮಗು ಯಾರ ಹೋಲಿಕೆ?" ಎಂದು ಕೇಳುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಐದು ವರ್ಷಗಳ ಹಿಂದೆ, ನನ್ನ ಹಳೆಯ ಶಿಷ್ಯನೊಬ್ಬನ ಮಗನ ನಾಮಕರಣದ ದಿನ, ನಾನೂ ಹಾಗೆಯೇ ಬಗ್ಗಿ ನೋಡಿ, "ಏನಯ್ಯಾ, ಈ ಮೂಗು ನಿನ್ನದೂ ಅಲ್ಲ, ನಿನ್ನ ತಂದೆಯದೂ ಅಲ್ಲ!" ಎಂದುಬಿಟ್ಟೆನು. ನೆರೆದವರೆಲ್ಲರೂ ನಕ್ಕರು. ಅವನು ನಗಲಿಲ್ಲ, ಮಗುವಿನ ತಾಯಿ ತಲೆ ತಗ್ಗಿಸಿದಳು.

ಮರುವಾರ ಅವನು ನನ್ನ ಮನೆಗೆ ಬಂದು ನಿಜವನ್ನು ತಿಳಿಸಿದನು. ತನ್ನಿಂದ ಸಂತಾನವಾಗುವ ಸಂಭವವಿಲ್ಲವೆಂದು ವೈದ್ಯರು ನಿರ್ಣಯಿಸಿದ ಮೇಲೆ, ದಂಪತಿಗಳಿಬ್ಬರೂ ಒಪ್ಪಿ, ಅಪರಿಚಿತ ದಾನಿಯೊಬ್ಬನ ವೀರ್ಯದಿಂದ ಪಡೆದ ಮಗುವದು. ದಾನಿಯ ಮೈಬಣ್ಣವನ್ನೂ ರಕ್ತದ ಗುಂಪನ್ನೂ ಹೊಂದಿಸಿ ನೋಡಿದ್ದರಂತೆ. "ಮೂಗನ್ನು ಹೊಂದಿಸಲಾಗಲಿಲ್ಲ, ಮೇಷ್ಟ್ರೇ" ಎಂದನು. ನನಗೆ ತಲೆಯೆತ್ತಲು ನಾಚಿಕೆಯಾಯಿತು. ಈಗ ಅವನ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಮಕ್ಕಳಿಗೆ ಅಲಂಕಾರಶಾಸ್ತ್ರವನ್ನು ಹೇಳಿಕೊಟ್ಟವನು ನಾನು. ಉಪಮೇಯ, ಉಪಮಾನ, ಸಾಧಾರಣಧರ್ಮ, ವಾಚಕ ಎಂಬ ನಾಲ್ಕು ಅಂಗಗಳಿದ್ದರೆ ಉಪಮೆಯು ಪೂರ್ಣವಾಗುವುದು. ಮುಖವು ಚಂದ್ರನಂತಿದೆ ಎಂದಾಗ, ಚಂದ್ರನು ಆ ಮುಖವನ್ನು ಹೆತ್ತನೆ ಎಂದು ಯಾರೂ ಕೇಳುವುದಿಲ್ಲ. ಇಷ್ಟನ್ನು ಬಲ್ಲವನಾಗಿಯೂ ನಾನು ಹೋಲಿಕೆಯನ್ನು ಮೂಗಿನಲ್ಲಿ ಮಾತ್ರ ಹುಡುಕಿದೆನು.

ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆನು. ಹುಡುಗನಿಗೊಂದು ಒಗಟು ಹಾಕಿದೆನು. ಅವನು ಎಡಗೈಯಿಂದ ಕಿವಿಯನ್ನು ಸವರಿಕೊಳ್ಳುತ್ತ ಯೋಚಿಸಿದನು. ಮೂವತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಅವನ ತಂದೆಯೂ ಉತ್ತರ ಹೊಳೆಯದಿದ್ದಾಗ ಹೀಗೆಯೇ ಮಾಡುತ್ತಿದ್ದನು! ಕಣ್ಣುಮೂಗುಗಳು ಬೀಜದಿಂದ ಬಂದರೂ, ನಡೆನುಡಿಗಳಲ್ಲಿ ಎಷ್ಟೋ ಭಾಗವು ದಿನವೂ ಎತ್ತಿ ಆಡಿಸಿದವರಿಂದ ಬರುತ್ತದೆ.

ಹಾಗೆಂದು ನಿಜವನ್ನು ಮುಚ್ಚಿಡಬೇಕೆಂದು ನನ್ನ ಅಭಿಪ್ರಾಯವಲ್ಲ. ನಮ್ಮ ದೇಶದ 2021ರ ಕಾಯಿದೆಯು ಇಂತಹ ಮಗುವನ್ನು ಆ ದಂಪತಿಗಳ ಸ್ವಂತ ಮಗುವೆಂದೇ ಎಣಿಸುತ್ತದೆ. ದಾನಿಗೆ ಯಾವ ಹಕ್ಕೂ ಇಲ್ಲ. ಬ್ರಿಟನ್ನಿನಲ್ಲಿಯಾದರೋ, 2005ರ ಏಪ್ರಿಲ್ 1ರಿಂದೀಚೆಗೆ ಹೊಸದಾಗಿ ದಾನಮಾಡಿದವರ ಹೆಸರನ್ನು ಮಕ್ಕಳು 18 ತುಂಬಿದ ಮೇಲೆ ಕೇಳಿ ತಿಳಿಯಬಹುದು. ಮಕ್ಕಳ ಮನಸ್ಸಿನಲ್ಲಿ ಆ ಪ್ರಶ್ನೆ ಏಳುವುದು ಸಹಜವೇ. "ಮಗನಿಗೆ ಹೇಳಲೆ?" ಎಂದು ಶಿಷ್ಯನು ಕೇಳಿದಾಗ, "ನನ್ನಂತಹ ಅತಿಥಿಯೊಬ್ಬನು ಬಾಯಿತಪ್ಪಿ ಆಡುವುದಕ್ಕೆ ಮೊದಲೇ ನೀನು ಹೇಳು" ಎಂದೆನು. ಈಗ ಇಬ್ಬರೂ ರಾತ್ರಿಯ ಕಥೆಯಂತೆ ಸ್ವಲ್ಪಸ್ವಲ್ಪವಾಗಿ ಹೇಳತೊಡಗಿದ್ದಾರೆ.

ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ತೊಟ್ಟಿಲ ಬಳಿ ನಿಂತಾಗ "ಆಯುಷ್ಮಂತನಾಗು" ಎಂದು ಹರಸಿದರೆ ಸಾಕು. ಮೂಗಿನ ವಿಚಾರ ನಮಗೆ ಬೇಡ.